ಖಾಲಿ ಬಿಟ್ಟ ಹೆಸರಿನ ಖಾನೆ

ಮೂರು ದೇಶದವರು ಸೇರಿ ಕಮಲಾಪುರದಲ್ಲಿ ದವಾಖಾನೆಯ ಒಂದು ಕೋಣೆ ನಡೆಸಿದರೆ ಅಲ್ಲಿ ನಗೆಗೆ ಬರ ಇರುವುದಿಲ್ಲ. ಒಂದು ದೇಶ ಔಷಧಿ ಕೊಟ್ಟಿತ್ತು, ಇನ್ನೊಂದು ಜೀಪು ಕೊಟ್ಟಿತ್ತು, ಮೂರನೆಯದು ಫಾರಂ ಕೊಟ್ಟಿತ್ತು. ಔಷಧಿ ಒಮ್ಮೊಮ್ಮೆ ಮುಗಿಯುತ್ತಿತ್ತು, ಜೀಪು ಒಮ್ಮೊಮ್ಮೆ ನಿಲ್ಲುತ್ತಿತ್ತು, ಫಾರಂ ಮಾತ್ರ ಎಂದೂ ಕಡಿಮೆ ಬೀಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಗುಪ್ತರೋಗ ಲಾರಿ ಹತ್ತಿ ಊರಿಂದ ಊರಿಗೆ, ವಿಮಾನ ಹತ್ತಿ ದೇಶದಿಂದ ದೇಶಕ್ಕೆ ಹೋಗುತ್ತದೆ, ಅದನ್ನು ತಡೆಯಬೇಕಾದರೆ ಎಲ್ಲ ದೇಶದವರೂ ಕೈಗೂಡಿಸಬೇಕು ಅಂತ ದೊಡ್ಡವರು ಎಲ್ಲೋ ಕೂತು ನಿಶ್ಚಯ ಮಾಡಿದ್ದರು. ಆ ನಿಶ್ಚಯದ ಬಾಲದ ತುದಿಯಲ್ಲಿ ನಾನಿದ್ದೆ, ಜೀಪಿನ ಡ್ರೈವರ್. ಆರನೇ ಇಯತ್ತೆಗೆ ಶಾಲೆ ಬಿಟ್ಟವ. ಸೊಲ್ಲಾಪುರ, ಲಾತೂರ, ಹೈದರಾಬಾದ, ಯಾವ ಊರಲ್ಲೂ ವರ್ಷ ತುಂಬ ನಿಂತವನಲ್ಲ. ಇಲ್ಲಿ ಮಾತ್ರ ಮೂರು ವರ್ಷ ನಿಂತೆ. ಯಾರಾದರೂ ಯಾಕಪ್ಪಾ ಅಂತ ಕೇಳಿದರೆ ಜೀಪು ಚೊಲೋ ಅದ ಅನ್ನುತ್ತಿದ್ದೆ.

ಜೀಪು ಅಷ್ಟೇನೂ ಚೊಲೋ ಇರಲಿಲ್ಲ. ನಿಂತದ್ದು ನರ್ಸಬಾಯಿಯ ಸಲುವಾಗಿ.

ಆಕೆ ಮಹಾಗಾಂವದಾಕೆ. ಬೆಳಿಗ್ಗೆ ಕಲಬುರ್ಗಿಯಿಂದ ಔಷಧಿ ಪೆಟ್ಟಿಗೆ ಹೇರಿಕೊಂಡು ಹೊರಟರೆ ಮಹಾಗಾಂವ ಕ್ರಾಸಿನಲ್ಲಿ ಹತ್ತಿಕೊಳ್ಳುತ್ತಿದ್ದಳು. ಕಮಲಾಪುರದಲ್ಲಿ ನಮ್ಮ ಕೋಣೆಯ ಮೆಟ್ಟಿಲ ಮೇಲೆ ನಿಂತು ನನ್ನ ಹೆಸರು ಕೂಗಿದಳೆಂದರೆ ಬಸ್‌ಸ್ಟ್ಯಾಂಡಿನಲ್ಲಿದ್ದ ಕಂಡಕ್ಟರ್ ತಿರುಗಿ ನೋಡುತ್ತಿದ್ದ. ಅಪ್ಪ ಇಟ್ಟ ಹೆಸರು, ಓಣಿಗೆ ನಾಲ್ಕು ಮಂದಿಗೆ ಇರುವಂಥದ್ದು. ಆದರೆ ಆಕೆ ಕೂಗಿದಾಗ ಅದು ಯಾರೋ ದೊಡ್ಡ ಮನುಷ್ಯನ ಹೆಸರಿನಂತೆ ಕೇಳುತ್ತಿತ್ತು. ಅದಕ್ಕೇ ಮೊದಲ ಸಲ ಕರೆದಾಗ ಕೇಳಿಸದವನಂತೆ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿರುತ್ತಿದ್ದೆ. ಎರಡನೇ ಸಲ ಇನ್ನೂ ಜೋರಾಗಿ ಕೂಗುತ್ತಿದ್ದಳು.

"ಕಿವಿಗೂ ಔಷಧಿ ಹಾಕ್ಲೇನೋ ನಿನಗ?" ಅನ್ನುತ್ತಿದ್ದಳು.

ಹಾಕು ಅನ್ನುವ ಧೈರ್ಯ ನನಗೆ ಬರಲಿಲ್ಲ. ಆ ಮಾತು ಇರಲಿ. ಮೊದಲು ಹಣ್ಣಿನ ಸುದ್ದಿ.

ಕೆಂಪು ಬಾಳೆಹಣ್ಣು

ಊರಲ್ಲಿ, ಹೆದ್ದಾರಿಯ ಢಾಬಾಗಳ ಹತ್ತಿರ, ಮೈ ಮಾರಿ ಬದುಕುವ ಹೆಂಗಸರಿದ್ದರು. ಅವರಲ್ಲಿ ಹಿರಿಯಳಾದವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಅಕ್ಕ ಅನ್ನುತ್ತಿದ್ದೆ. ಉಳಿದವರಿಗೆ ನಿರೋಧ ಹಾಕುವುದು ಹೇಗೆ ಅಂತ ಕಲಿಸುವ ಕೆಲಸ ಆಕೆಯದು.

ಹೊರದೇಶದಿಂದ ಬಂದ ಪುಸ್ತಕದಲ್ಲಿ ಚಿತ್ರ ಇತ್ತು: ಒಂದು ಬಾಳೆಹಣ್ಣು ತೆಗೆದುಕೊಳ್ಳಿ. ಚಿತ್ರದ ಹಣ್ಣು ಹಳದಿ, ಸಪೂರ, ಉದ್ದ. ಕಮಲಾಪುರದಲ್ಲಿ ಬೆಳೆಯುವುದು ಕೆಂಪು ಬಾಳೆ, ಗಿಡ್ಡ, ದಪ್ಪ, ತುಟ್ಟಿ. ಬೀಗರು ಬಂದರೆ ತರುವ ಹಣ್ಣು. ಅಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಬಾಣಂತಿಗಿ ಕೊಡೋ ಹಣ್ಣರೀ ನರ್ಸಬಾಯಿ. ಇದಕ್ಕ ಅಂಗಿ ತೊಡಸಿ ತಿಪ್ಪಿಗಿ ಒಗೀ ಅಂತೀರಲ್ಲ, ನಮಗ ಪಾಪ ಹತ್ತಂಗಿಲ್ಲೇನು?"

ನರ್ಸಬಾಯಿ ಯೋಚನೆ ಮಾಡಿ ರಾಜಿ ಮಾಡಿದಳು. ಹಾಕಬೇಕು, ತೆಗೆಯಬೇಕು, ಗಂಟು ಹಾಕಿ ಡಬ್ಬಿಗೆ ಒಗೆಯಬೇಕು, ಕೈ ತೊಳೆಯಬೇಕು, ಹಣ್ಣೂ ತೊಳೆಯಬೇಕು, ಸಿಪ್ಪೆ ಸುಲಿದು ತಿನ್ನಬೇಕು. ಹೆಂಗಸರು ಹಾಗೇ ಕಲಿತರು. ಹಾಜರಿ ಎಂದೂ ತಪ್ಪಲಿಲ್ಲ.

ಆರು ತಿಂಗಳಿಗೆ ಹೊರದೇಶದ ಮೇಡಂ ಪರೀಕ್ಷೆಗೆ ಬಂದರು, ಜೊತೆಗೆ ಬೆಂಗಳೂರಿನ ದುಭಾಷಿ. ಅವರು ತಮ್ಮ ಚೀಲದಿಂದ ನುಣುಪಾದ ಕಟ್ಟಿಗೆಯ ಮಾದರಿ ತೆಗೆದು ಒಬ್ಬ ಹೆಂಗಸಿನ ಕೈಗೆ ಕೊಟ್ಟರು. ಆಕೆ ಒಂದೊಂದನ್ನೂ ಸರಿಯಾಗಿ ಮಾಡಿದಳು. ಗಂಟು ಹಾಕಿದಳು, ಡಬ್ಬಿಗೆ ಒಗೆದಳು, ಕೈ ತೊಳೆದಳು, ಕಟ್ಟಿಗೆಯನ್ನೂ ತೊಳೆದಳು. ಆಮೇಲೆ ಅದನ್ನು ಹಿಡಿದುಕೊಂಡು ನಿಂತೇ ಬಿಟ್ಟಳು.

ಮೇಡಂ ಏನೋ ಕೇಳಿದರು. ದುಭಾಷಿ, "ಯಾಕಮ್ಮಾ ನಿಂತೆ, ಮುಗೀತಲ್ಲ?" ಅಂದ.

"ಒಂದ ಉಳದದರೀ ಸಾಹೇಬ್ರ," ಅಂದಳು ಆಕೆ, ಅಳುಮೋರೆ ಮಾಡಿಕೊಂಡು. "ಆದ್ರ ಇದು ಕಟಗೀದದ. ಹಲ್ಲ ಹೋದ್ರ ನೀವ ಕಟ್ಟಿಸಿಕೊಡ್ತೀರೇನು?"

ಫ್ರಿಜ್ಜಿನ ಮಲ್ಲಿಗೆ

ಸೂಜಿ ಔಷಧಿ ತಣ್ಣಗಿಡಲು ಒಂದು ಫ್ರಿಜ್ಜು ಬಂತು. ಔಷಧಿ ತಣ್ಣಗಿತ್ತು, ಸೂಜಿ ಹಾಕಿಸಿಕೊಳ್ಳಲು ಒಬ್ಬರೂ ಬರಲಿಲ್ಲ. ಆ ಕೋಣೆಯ ಮೆಟ್ಟಿಲು ಹತ್ತಿದರೆ ಊರು ನೋಡುತ್ತದೆ ಅಂತ ಎಲ್ಲರಿಗೂ ಅಂಜಿಕೆ.

ಒಂದು ಬ್ಯಾಸಿಗೆ ಮುಂಜಾನೆ ಅಕ್ಕ ತನ್ನ ಮಲ್ಲಿಗೆ ದಂಡೆ ತಂದು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಇಟ್ಟಳು. "ಸಂಜಿತನಕ ಬಾಡಬಾರದು ನೋಡು," ಅಂದಳು. ಮರುದಿನ ಇನ್ನಿಬ್ಬರು ತಂದರು. ವಾರದೊಳಗೆ ಕೆಳಗಿನ ಅಂತಸ್ತು ತುಂಬಿತು. ಈಗ ಊರಿಗೆ ಹೇಳಲು ಒಂದು ನೆಪ ಸಿಕ್ಕಿತು: ದವಾಖಾನೆಗಲ್ಲ, ಹೂವಿಗೆ ಹೊಂಟೀವಿ. ಮುಂಜಾನೆ ಇಡಲು ಬರಬೇಕು, ಸಂಜೆ ಒಯ್ಯಲು ಬರಬೇಕು. ನಡುವೆ ನರ್ಸಬಾಯಿ ಹಿಡಿದು ಕೂರಿಸಿ ಕೇಳುವುದು ಕೇಳುತ್ತಿದ್ದಳು, ಕೊಡುವುದು ಕೊಡುತ್ತಿದ್ದಳು.

ಮೇಡಂ ಬಂದವರೇ ಫ್ರಿಜ್ಜಿನ ಬಾಗಿಲು ತೆಗೆದರು. ಮೇಲೆ ಔಷಧಿ, ಕೆಳಗೆ ಹನ್ನೆರಡು ದಂಡೆ ಮಲ್ಲಿಗೆ. ನರ್ಸಬಾಯಿ ಕೆಲಸ ಹೋಯಿತು ಅಂತಲೇ ತಿಳಿದಿದ್ದಳು. ನಾನು ಬಾಗಿಲಲ್ಲಿದ್ದವ ಬಾಯಿ ಹಾಕಿದೆ. "ಮೇಡಂ, ಔಷಧಿ ಕೆಟ್ಟದೋ ಚೊಲೋ ಅದನೋ ನೋಡಿದ್ರ ನಮಗ ತಿಳಿಯಂಗಿಲ್ಲ. ಹೂವಿಂದ ತಿಳೀತದ. ಕರೆಂಟ್ ಹೋಗಿ ಹೂ ಬಾಡ್ತಂದ್ರ ಹನ್ನೆರಡ ಮಂದಿ ಜಗಳಕ್ಕ ಬರ್ತಾರ."

ದುಭಾಷಿ ಅದನ್ನು ಏನೆಂದು ಹೇಳಿದನೋ, ಮೇಡಂ ನಿಂತಲ್ಲೇ ಒಂದು ಪುಟ ಬರೆದುಕೊಂಡರು.

ಆವತ್ತು ಅಕ್ಕ ತನ್ನ ದಂಡೆಯಲ್ಲಿ ಒಂದು ಮೊಳ ಹರಿದು ನರ್ಸಬಾಯಿಗೆ ಮುಡಿಸಿ ಕಳಿಸಿದಳು. ಜೀಪಿನ ತುಂಬ ವಾಸನೆ. ಕಮಲಾಪುರದಿಂದ ಮಹಾಗಾಂವ ಕ್ರಾಸು ಇಷ್ಟು ಹತ್ತಿರ ಯಾಕೆ ಮಾಡಿದರೋ ಅಂತ ರಸ್ತೆ ಹಾಕಿದವರಿಗೆ ಬೈಯುತ್ತ ಗಾಡಿ ಹೊಡೆದೆ.

ಮುಂದೆ ಹೊರದೇಶದಿಂದ ಎಲ್ಲ ಕೇಂದ್ರಗಳಿಗೂ ಒಂದು ಕಾಗದ ಹೋಯಿತಂತೆ: ಪ್ರತಿ ಫ್ರಿಜ್ಜಿನಲ್ಲಿ ಒಂದು ಅಂತಸ್ತು ಹೂವಿಗೆ ಬಿಡತಕ್ಕದ್ದು. ಸಮುದ್ರದ ದಂಡೆಯ ಯಾವುದೋ ದೇಶದ ಕೇಂದ್ರದಿಂದ ಉತ್ತರ ಬಂದದ್ದನ್ನು ದುಭಾಷಿಯೇ ನಮಗೆ ಓದಿ ಹೇಳಿದ: "ನಮ್ಮಲ್ಲಿ ಹೆಂಗಸರು ಹೂ ಮುಡಿಯುವುದಿಲ್ಲ. ಮೀನು ಇಟ್ಟರೆ ನಡೆಯುತ್ತದೆಯೇ?"

ಜೊತೆಗಾರರ ಖಾನೆ

ಫಾರಮ್ಮಿನಲ್ಲಿ ಒಂದು ಖಾನೆ ಇತ್ತು, ಜೊತೆಗಾರರ ಹೆಸರು. ರೋಗ ಒಬ್ಬರಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅವರನ್ನೂ ಹುಡುಕಿ ಔಷಧಿ ಕೊಡಬೇಕು. ಬರೆದದ್ದು ಯಾರಿಗೂ ತೋರಿಸುವುದಿಲ್ಲ ಅಂತ ನರ್ಸಬಾಯಿ ಆಣೆ ಮಾಡಿ ಹೇಳಿದ ಮೇಲೆ ಅಕ್ಕ ಶುರು ಮಾಡಿದಳು. ಸುಗ್ಗಿಯಲ್ಲಿ ಜೋಳ ಅಳೆದಂತೆ ಒಂದೊಂದೇ ಹೆಸರು. ನರ್ಸಬಾಯಿಯ ಕೈ ನೋಯಿತು. ಕೊನೆಗೆ, "ಇನ್ನೊಬ್ಬ ಇದ್ದಾನ," ಅಂದವಳು ಬಾಯಿ ಮುಚ್ಚಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಅವನ ಹೆಸರ?"

"ಅದ ಹ್ಯಾಂಗ ಹೇಳಲಿ ಬಾಯಿ? ಅವರು ನಮ್ಮ ಮನ್ಯಾಗಿನವ್ರು."

ತಾಳಿ ಇರಲಿಲ್ಲ, ಮದುವೆ ಇರಲಿಲ್ಲ. ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುವ ಒಬ್ಬ ಸಣಕಲ ಮನುಷ್ಯ ನಾಲ್ಕಾರು ವರ್ಷದಿಂದ ಆಕೆಯ ಮನೆಯಲ್ಲಿದ್ದ, ಅಷ್ಟೇ. ಆದರೂ ಗಂಡನ ಹೆಸರು ಹೆಂಡತಿ ನಾಲಿಗೆಗೆ ತರಬಾರದು ಅನ್ನುವ ರೂಢಿ ರೂಢಿಯೇ. ಮೂಲೆಯಲ್ಲಿ ಔಷಧಿ ಪೆಟ್ಟಿಗೆ ಜೋಡಿಸುತ್ತಿದ್ದ ನನ್ನ ಕಡೆ ಅಕ್ಕ ತಿರುಗಿ, "ನೀ ಹೇಳೋ ತಮ್ಮಾ, ನಿನಗ ಗೊತ್ತದಲ್ಲ," ಅಂದಳು. ಇಂಥ ವೇಳೆಗೆ ಮತ್ತೊಬ್ಬರು ಹೇಳಬೇಕು. ನಾನು ಹೇಳಿದೆ. ಅಕ್ಕ ಸೆರಗಿನೊಳಗೇ ನಕ್ಕಳು.

ನರ್ಸಬಾಯಿಗೆ ಇದು ಸೇರಲಿಲ್ಲ. "ಇಷ್ಟ ಮಂದಿ ಹೆಸರ ಹೇಳಿ ಒಬ್ಬನ ಹೆಸರಿಗೆ ನಾಚತಿಯಲ್ಲ ಅಕ್ಕಾ. ನಾ ಓದಿದಾಕಿ. ನಾ ಅಂತೂ ನನ್ನ ಗಂಡನ ಹೆಸರ ಹಿಡದು ಊರಿಗೆಲ್ಲ ಕೇಳಂಗ ಕರೀತೀನಿ."

"ನಾಚಿಕಿ ಅಲ್ಲಬೇ," ಅಂದಳು ಅಕ್ಕ. "ಉಳದವ್ರ ಹೆಸರ ಬಾಯಾಗಿರ್ತಾವ, ಹೇಳಿದ್ರ ಹೋಗ್ತಾವ. ಇದು ಒಳಗಿರ್ತದ. ನಿನ್ನ ಪಾಳಿ ಬರ್ಲಿ, ನಾ ಇಲ್ಲೇ ಇರ್ತೀನಿ."

ಆ ಹೊತ್ತಿಗೆ ಬಾಗಿಲಲ್ಲಿ ಮೇಡಂ ನಿಂತಿದ್ದರು. ಸೆರಗು ಎಳೆದದ್ದು, ಮಾತು ನಿಂತದ್ದು ಎಲ್ಲ ನೋಡಿದ್ದರು. ಹೆಸರು ಹೇಳಲೂ ಹೆದರುವಷ್ಟು ಭಯಂಕರ ಮನುಷ್ಯ ಯಾರೋ ಇದ್ದಾನೆ ಅಂತ ಬರೆದು ಕಳಿಸಿದರು. ತಿಂಗಳೊಪ್ಪತ್ತಿಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ, ಹೆಂಗಸನ್ನು ಕಾಪಾಡಲಿಕ್ಕೆ. ನಾನೇ ಜೀಪಿನಲ್ಲಿ ಅಕ್ಕನ ಮನೆಗೆ ಕರೆದೊಯ್ದೆ. ಆ ಭಯಂಕರ ಮನುಷ್ಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅಕ್ಕನ ಸೀರೆ ಹಿಂಡುತ್ತಿದ್ದ. ಒಳಗಿಂದ ಅಕ್ಕ, "ಅದ ಆದ ಮ್ಯಾಲ ಬ್ಯಾಳ್ಯಾಗಿನ ಹರಳ ಆರಸ್ರಿ," ಅನ್ನುತ್ತಿದ್ದಳು.

ಅಧಿಕಾರಿ ಐದು ನಿಮಿಷ ನೋಡಿ ಜೀಪು ಹತ್ತಿದರು. "ಕಾಪಾಡಬೇಕಾದದ್ದು ಖರೇ," ಅಂದರು, "ಆದರೆ ನಮ್ಮ ಫಾರಮ್ಮಿನಲ್ಲಿ ಗಂಡಸರ ಖಾನೆ ಇಲ್ಲ."

ಬೇಳೆ ತುಟ್ಟಿ

ನನಗೆ ಒಂದು ಚಟ ಇತ್ತು. ಯಾರ ಜೊತೆ ಮಾತಾಡಿದರೂ "ಮುಂದಿನ ತಿಂಗಳು ಬಿಟ್ಟು ಹೋಗ್ತೀನಿ" ಅನ್ನುವುದು. ಒಂದು ದಿನ ಮಹಾಗಾಂವ ಕ್ರಾಸಿನಲ್ಲಿ ಇಳಿಯುವಾಗ ನರ್ಸಬಾಯಿ ಬಾಗಿಲು ಹಿಡಿದುಕೊಂಡು ಕೇಳಿದಳು, "ಖರೇನೇ ಹೋಗ್ತೀಯೇನೋ ಮುಂದಿನ ತಿಂಗಳ?"

ನಾನು ಸ್ಟೇರಿಂಗ್ ನೋಡುತ್ತ, "ಇಲ್ಲ. ಇಲ್ಲೇ ಇರ್ತೀನಿ," ಅಂದೆ.

ಆಕೆ ಹಿಡಿದ ಬಾಗಿಲು ಬಿಟ್ಟಳು. ಇಳಿದು ಹೋದಳು. ಮರುದಿನದಿಂದ ನನ್ನ ಹೆಸರು ಕೂಗುವುದು ಬಿಟ್ಟಳು.

ಮೆಟ್ಟಿಲ ಮೇಲೆ ನಿಂತು "ರೀ, ಇಲ್ಲಿ ನೋಡ್ರಿ" ಅನ್ನತೊಡಗಿದಳು. ನಿನ್ನೆಯವರೆಗೆ "ಏನೋ", ಇವತ್ತಿನಿಂದ "ರೀ". ನಾನು ಚಹಾದಂಗಡಿಯಲ್ಲಿದ್ದರೆ ತಾನೇ ಬಂದು ಜೀಪಿನ ಹಾರ್ನ್ ಒತ್ತಿ ಹೋಗುತ್ತಿದ್ದಳು. ನನ್ನಿಂದ ಏನೋ ತಪ್ಪಾಗಿದೆ, ಸಿಟ್ಟಿಗೆದ್ದಿದ್ದಾಳೆ, ಅದಕ್ಕೇ ಪರಕೀಯರ ಹಾಗೆ ಮಾತಾಡುತ್ತಿದ್ದಾಳೆ ಅಂದುಕೊಂಡೆ. ಏನು ತಪ್ಪು ಅಂತ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಅಂತ ಅಂಜಿಕೆ.

ಆ ದಿನಗಳಲ್ಲೇ ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಹಮಾಲರಿಗೆ ತಪಾಸಣೆ ಇಟ್ಟಿದ್ದೆವು. ಯಂತ್ರದ ಹತ್ತಿರ ನಿಂತರೆ ಗದ್ದಲದಲ್ಲಿ ಪಕ್ಕದವನ ಮಾತು ಕೇಳುತ್ತಿರಲಿಲ್ಲ. ನಾನು ಆ ತುದಿಯಲ್ಲಿ, ಯಂತ್ರದ ಪಕ್ಕದಲ್ಲೇ, ಬೆನ್ನು ಮಾಡಿ ನಿಂತಿದ್ದೆ. ಆಕೆಗೆ ಜೀಪಿನಲ್ಲಿದ್ದ ಔಷಧಿ ಪೆಟ್ಟಿಗೆ ಬೇಕಾಗಿತ್ತು. "ರೀ" ಅಂದಳಂತೆ, ಆಕೆಯ ಮುಂದೆ ಸಾಲಿನಲ್ಲಿದ್ದ ನಲವತ್ತು ಹಮಾಲರು ತಿರುಗಿದರಂತೆ. ಚಪ್ಪಾಳೆ ಹೊಡೆದಳಂತೆ. ಕೊನೆಗೆ ರಾಶಿಯಿಂದ ಒಂದು ಬೊಗಸೆ ತೊಗರಿ ಬೇಳೆ ತೆಗೆದು ನನ್ನ ಬೆನ್ನಿಗೆ ಒಗೆದಳು. ತಿರುಗಲಿಲ್ಲ, ಧೂಳು ಅಂದುಕೊಂಡೆ. ಇನ್ನೊಂದು ಬೊಗಸೆ. ಮತ್ತೊಂದು.

ಮಿಲ್ಲಿನ ಮುನೀಮ ಓಡಿ ಬಂದು ಆಕೆಗೆ ಕೈಮುಗಿದ. "ನರ್ಸಬಾಯಿ, ಅವಂಗೊಂದು ಹೆಸರ ಇಟ್ಟಿರ್ಬೇಕಲ್ಲ ಅವರಪ್ಪ? ಅದನ್ನ ಹಿಡದು ಕರೀರಿ. ಬ್ಯಾಳಿ ತುಟ್ಟಿ ಅದ."

ಪ್ರಮಾಣಪತ್ರ

ಹೊರದೇಶದವರ ಕೆಲಸದ ಅವಧಿ ಮುಗಿಯಿತು, ಕೋಣೆ ಸರ್ಕಾರದ ಕೈಗೆ ಹೋಯಿತು. ಕಲಬುರ್ಗಿಯಲ್ಲಿ ಕೋಟೆಯ ಹತ್ತಿರದ ಒಂದು ಸಭಾಂಗಣದಲ್ಲಿ ಬೀಳ್ಕೊಡುಗೆ. ನರ್ಸಬಾಯಿ ಹೆಸರು ಓದಬೇಕು, ಮೇಡಂ ಪ್ರಮಾಣಪತ್ರ ಕೊಡಬೇಕು.

ಶಾಲೆ ಬಿಟ್ಟವನಿಗೆ ಪ್ರಮಾಣಪತ್ರ ಅಂದರೆ ಏನು ಅಂತ ಶಾಲೆ ಕಲಿತವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಅಂಗಿಗೆ ಇಸ್ತ್ರಿ ಮಾಡಿಸಿದ್ದೆ. ಆದರೆ ನಾನು ಕಾದದ್ದು ಕಾಗದಕ್ಕಲ್ಲ. ಎಷ್ಟು ಸಿಟ್ಟಿದ್ದರೂ ಇವತ್ತು ಆಕೆ ನನ್ನ ಹೆಸರು ಕೂಗಲೇಬೇಕು, ಅದೂ ಮೈಕಿನಲ್ಲಿ. ಮೊದಲ ಸಲಕ್ಕೇ ಎದ್ದು ನಿಲ್ಲಬೇಕೋ, ಎರಡನೇ ಸಲ ಕರೆಸಿಕೊಳ್ಳಬೇಕೋ ಅಂತ ಹಿಂದಿನ ದಿನವೆಲ್ಲ ಯೋಚಿಸಿದ್ದೆ.

ಡಾಕ್ಟರ್ ಹೆಸರು ಓದಿದಳು. ಕಂಪೌಂಡರ್ ಹೆಸರು ಓದಿದಳು. ಅಕ್ಕನ ಹೆಸರು, ಕಸ ಗುಡಿಸುವವಳ ಹೆಸರು. ಕೊನೆಗೆ ನಾನೊಬ್ಬನೇ ಉಳಿದೆ. ಹಾಳೆ ನೋಡಿದಳು. ಮೈಕು ನೋಡಿದಳು. ಸೆರಗು ಸರಿಮಾಡಿಕೊಂಡಳು. ಮೇಡಂ ಪ್ರಮಾಣಪತ್ರ ಚಾಚಿ ನಿಂತಿದ್ದರು. ದುಭಾಷಿ ಹತ್ತಿರ ಬಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ಆಕೆಯ ಬಾಯಿಂದ ಸ್ವರ ಹೊರಡಲಿಲ್ಲ.

ಮುಂದಿನ ಸಾಲಿನಿಂದ ಅಕ್ಕ ಎದ್ದು ನಿಂತಳು. ನನ್ನ ಹೆಸರು, ನಮ್ಮಪ್ಪನ ಹೆಸರು, ಅಡ್ಡಹೆಸರು ಎಲ್ಲ ಕೂಡಿಸಿ ಗಟ್ಟಿಯಾಗಿ ಹೇಳಿದಳು. ಹೆಂಗಸರ ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ, ಸಿಳ್ಳು. ನರ್ಸಬಾಯಿ ಹಾಳೆಯಿಂದ ಮುಖ ಮುಚ್ಚಿಕೊಂಡಳು.

ನನಗೆ ತಿಳಿದದ್ದು ಒಂದೇ. ಆರನೇ ಇಯತ್ತೆಯವನಿಗೆ ಪ್ರಮಾಣಪತ್ರವೇ ಅಂತ ಎಲ್ಲರೂ ನಗುತ್ತಿದ್ದಾರೆ. ನಾನು ಎಷ್ಟು ಬೇಡವಾಗಿದ್ದೇನೆ ಅಂದರೆ ಹಾಳೆಯಲ್ಲಿದ್ದ ಹೆಸರನ್ನು ಓದಲಿಕ್ಕೂ ಆಕೆಗೆ ಮನಸ್ಸಿಲ್ಲ. ಕಾಗದ ಇಸಿದುಕೊಂಡೆ, ಕುರ್ಚಿಯ ಮೇಲೆ ಇಟ್ಟೆ, ಜೀಪಿನ ಕೀಲಿ ದುಭಾಷಿಯ ಕೈಗೆ ಕೊಟ್ಟೆ. ಹುಮನಾಬಾದ ರಿಂಗ್ ರೋಡಿನಲ್ಲಿ ಸಿಕ್ಕ ಮೊದಲ ಲಾರಿ ಹತ್ತಿದೆ.

ಮೇಡಂ ಕೊನೆಯ ವರದಿಯಲ್ಲಿ ಬರೆದದ್ದನ್ನು ಆಮೇಲೆ ಕೇಳಿದೆ: "ಡ್ರೈವರ್ ಸಂತೋಷ ತಡೆಯಲಾರದೆ ಹೊರಗೆ ಹೋದನು." ಆರು ವರ್ಷ ಹೊರಗೇ ಇದ್ದೆ.

ಎರಡು ಸಲ

ಬೋರ್‌ವೆಲ್ ಲಾರಿಯ ಮೇಲೆ ಮೂರು ರಾಜ್ಯ ಸುತ್ತಿದೆ. ನೆಲ ತೂತು ಹಾಕುವುದು, ನೀರು ಬಂದರೂ ಬರದಿದ್ದರೂ ಮುಂದಿನ ಊರಿಗೆ ಹೋಗುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಆದರೂ ಯಾವ ಊರಿನಲ್ಲಿ ಯಾವ ಹೆಂಗಸು ಯಾರನ್ನು ಕೂಗಿದರೂ ಮೊದಲನೇ ಸಲ ತಿರುಗುತ್ತಿರಲಿಲ್ಲ, ಎರಡನೇ ಸಲಕ್ಕೆ ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಲಾರಿ ಕಮಲಾಪುರದಲ್ಲಿ ಪಂಕ್ಚರ್ ಆಯಿತು. ಬಸ್‌ಸ್ಟ್ಯಾಂಡಿನ ಮುಂದೆ ಅಕ್ಕ ಗಾಡಿ ಹಾಕಿಕೊಂಡು ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ತುತ್ತೂರಿಯವ ಪಕ್ಕದಲ್ಲಿ ನೊಣ ಹೊಡೆಯುತ್ತಿದ್ದ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕೋ ಓಡಿಹೋಗಿದ್ದಿ?"

"ಎಲ್ಲಾರೂ ನಕ್ರಿ. ಆಕಿ ನನ್ನ ಹೆಸರ ಸುದ್ದಾ ಓದಲಿಲ್ಲ."

ಅಕ್ಕ ಕೈಯಲ್ಲಿದ್ದ ಹಣ್ಣು ಗಾಡಿಯ ಮೇಲಿಟ್ಟಳು. "ಓದಲಿಲ್ಲ ಅಂತ ಸಿಟ್ಟಾದ್ಯಾ? ಎಲೋ ಹುಚ್ಚಪ್ಪಾ, ನನ್ನ ಫಾರಂ ತುಂಬುವಾಗ ನೀ ಎಲ್ಲಿದ್ದಿ? ನನ್ನ ಮುಂದ ನಿಂತು ಇವರ ಹೆಸರ ಹೇಳಿದವ ನೀನಲ್ಲೇನು?"

ತುತ್ತೂರಿಯವ ನೊಣ ಹೊಡೆಯುವುದು ನಿಲ್ಲಿಸಿ ನನ್ನನ್ನು ಕರುಣೆಯಿಂದ ನೋಡಿದ. ಆತ ಕರುಣೆ ತೋರಿಸುವ ಸ್ಥಿತಿಗೆ ನಾನು ಬಂದಿದ್ದೆ. ಗಾಡಿ ಹಿಡಿದುಕೊಂಡು ನಿಂತೆ. ರೀ, ಹಾರ್ನು, ಬೇಳೆ, ಮೈಕು, ಎಲ್ಲ ಒಂದರ ಹಿಂದೊಂದು ತಲೆಯಲ್ಲಿ ಬಂದು ಕೂತವು.

"ಎರಡ ವರ್ಷ," ಅಂದಳು ಅಕ್ಕ, "ಯಾವ ಜೀಪಿನ ಹಾರ್ನ್ ಕೇಳಿದ್ರೂ ಹೊರಗ ಬಂದು ನೋಡ್ತಿದ್ಳು. ಆಮ್ಯಾಲ ಕಲಬುರ್ಗಿ ದವಾಖಾನಿಗಿ ಹೋದ್ಳು. ಈಗಿನ ಸುದ್ದಿ ನನಗ ಗೊತ್ತಿಲ್ಲ." ಎಂಟು ಹಣ್ಣಿನ ಒಂದು ಚಿಪ್ಪು ಕಟ್ಟಿ ಕೈಗೆ ಕೊಟ್ಟಳು. "ಹೋಗಿ ಎದುರ ನಿಂದರು. ಏನೂ ಕೇಳಬ್ಯಾಡ. ಹೆಸರ ಹಿಡದು ಕರೀಲಿಲ್ಲಂದ್ರ ಅಲ್ಲೇ ಕುಂದ್ರು, ಏಳಬ್ಯಾಡ. ಕರದಳಂದ್ರ ಹಣ್ಣ ಕೊಟ್ಟು ಬಾ."

ಲಾರಿಯನ್ನು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಟೆಂಪೋ ಹತ್ತಿದೆ. ಮಹಾಗಾಂವ ಕ್ರಾಸು ಬಂದಾಗ, ಯಾರೂ ಹತ್ತುವುದಿಲ್ಲ ಅಂತ ಗೊತ್ತಿದ್ದೂ, ಸರಿದು ಜಾಗ ಮಾಡಿದೆ.

ದವಾಖಾನೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಇದ್ದಳು. ಸ್ವಲ್ಪ ಮೈ ತುಂಬಿತ್ತು. ಸಾಲಿನಲ್ಲಿ ನಿಂತೆ. ನನ್ನ ಪಾಳಿ ಬಂತು. ತಲೆ ಎತ್ತಿ ನೋಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಒಂದು ಉಸಿರು, ಎರಡು ಉಸಿರು. ಕೂಡಲು ಒಂದು ಬೆಂಚು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿಟ್ಟುಕೊಂಡೆ.

ಅಷ್ಟರಲ್ಲಿ ಕೂಗಿದಳು. ನನ್ನ ಹೆಸರು, ಪೂರ್ತಿ, ಗೇಟಿನ ತನಕ ಕೇಳುವಂತೆ. ಅದೇ ಸ್ವರ.

ಹಳೇ ಚಟ, ಕೇಳಿಸದವನಂತೆ ನಿಂತೆ.

ಎರಡನೇ ಸಲವೂ ಕೂಗಿದಳು. ಈ ಸಲ ಹೆಸರಿನ ಹಿಂದೆ "ಅಣ್ಣಾ" ಸೇರಿಸಿದಳು. "ಇನ್ನೂ ಕಿವಿಗಿ ಔಷಧಿ ಹಾಕ್ಕೊಂಡಿಲ್ಲೇನೋ ಅಣ್ಣಾ?"

ಹಣ್ಣು ಕಿಟಕಿಯೊಳಗೆ ಕೊಟ್ಟೆ. ಆಕೆ ಅದನ್ನು 'ಔಷಧಿ ವಿತರಣೆ' ಅಂತ ಬರೆದಿದ್ದ ಪಕ್ಕದ ಕಿಟಕಿಗೆ ದಾಟಿಸಿದಳು. ಅಲ್ಲಿದ್ದವನು ಬಿಳಿ ಕೋಟಿನ ಶಾಂತ ಮನುಷ್ಯ. ಎದ್ದು ನಮಸ್ಕಾರ ಮಾಡಿದ.

"ನಮ್ಮನಿಯವ್ರು," ಅಂದಳು. "ರೀ, ನಾ ಹೇಳ್ತಿದ್ದೆನಲ್ಲ, ಜೀಪಿನ ಅಣ್ಣ."

ಸುಮ್ಮನೆ ಬರಬೇಕಾಗಿತ್ತು. ಆದರೆ ಆಕೆ ಆವತ್ತು ಆಡಿದ ಮಾತು ನೆನಪಿತ್ತಲ್ಲ, ಊರಿಗೆಲ್ಲ ಕೇಳಂಗ ಕರೀತೀನಿ ಅಂತ. "ಇವರ ಹೆಸರೇನವ್ವಾ?" ಅಂತ ಕೇಳಿದೆ.

ಸೆರಗು ಸರಿಮಾಡಿಕೊಂಡಳು. ಮುಖ ಕೆಂಪಾಯಿತು. ಅವನ ಕೋಟಿನ ಮೇಲಿದ್ದ ಹೆಸರಿನ ಪಟ್ಟಿಯನ್ನು ಕಣ್ಣಲ್ಲೇ ತೋರಿಸಿ, "ಕನ್ನಡದಾಗೇ ಬರದದ. ನೀನೇ ಓದಿ ಹೇಳಣ್ಣಾ," ಅಂದಳು.

ಆರನೇ ಇಯತ್ತೆಯ ಓದು. ಅಕ್ಷರ ಕೂಡಿಸಿ ಕೂಡಿಸಿ, ತಪ್ಪಿಲ್ಲದೆ, ಗಟ್ಟಿಯಾಗಿ ಓದಿದೆ. ಆಕೆ ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದವಳು ಇನ್ನೊಮ್ಮೆ ಓದು ಅಂದಳು.

ಮೊದಲನೇ ಸಲ ಕೇಳಿಸಲಿಲ್ಲವಂತೆ.